ಕೊಟ್ಟಿಗೆಯಲ್ಲಿ ಹುಟ್ಟಿದ ಗಾಳಿಕೋವಿ



ಕಳೆದ ಬೇಸಿಗೆಯ ಒಂದು ಸಂಜೆ ನಮ್ಮ ಕೇರಿಯ ಕಟ್ಟಕಡೆಯ ಮನೆಯ ದಿಕ್ಕಿನಿಂದ ಗರ್ನಾಲು ಸಿಡಿದಂತಹ ಸದ್ದೊಂದು ಕೇಳಿಸಿತು. ಮದುವೆ ಮುಂಜಿಗಳ ಕಾಲ. ಯಾರೋ ಪಟಾಕಿ ಹಚ್ಚಿರಬೇಕೆಂದುಕೊಂಡು ಸುಮ್ಮನಾದೆ. ಅರ್ಧ ಗಂಟೆಯ ಬಳಿಕ ಆ ಮನೆಯ ಯಜಮಾನರು ಹುಬ್ಬಿಗೆ ಬೈರಾಸು ಒತ್ತಿ ಹಿಡಿದು, ಮಗನ ಬೈಕಿನ ಹಿಂದೆ ಕುಳಿತು ಪೇಟೆಯ ಆಸ್ಪತ್ರೆಗೆ ಹೋದದ್ದನ್ನು ಕಂಡೆ. ಆರು ಹೊಲಿಗೆ ಬಿದ್ದವು. ತೋಟದ ಸಂಕದಲ್ಲಿ ಕಾಲು ಜಾರಿತೆಂದು ಅಲ್ಲಿ ಹೇಳಿದರಂತೆ. ನಿಜಕ್ಕೂ ಆದದ್ದೆಂದರೆ, ಕೊಟ್ಟಿಗೆಯ ಪಕ್ಕದ ಚಾವಡಿಯಲ್ಲಿ ಮಗ ಕಟ್ಟುತ್ತಿದ್ದ ಗಾಳಿ ಪಿಸ್ತೂಲಿನ ಪೈಪು ಒಡೆದಿತ್ತು. ಮುಚ್ಚಳ ಹಾರಿ ಮಾಡಿನ ತಗಡನ್ನು ತೂತು ಮಾಡಿತು; ಪೈಪಿನ ಚೂರೊಂದು ನೋಡುತ್ತ ನಿಂತಿದ್ದ ತಂದೆಯ ಹುಬ್ಬನ್ನು ಸೀಳಿತು. ಅರ್ಧ ಇಂಚು ಕೆಳಗೆ ತಾಗಿದ್ದರೆ ಕಣ್ಣು ಹೋಗುತ್ತಿತ್ತು.

ಈ ಸಂಚಿಕೆಯ ಸಂಪಾದಕೀಯಕ್ಕೆ ಬೇರೆ ವಿಷಯ ಸಿದ್ಧವಾಗಿತ್ತು. ಆದರೆ ಇಂತಹ ಕೋವಿಗಳು ನಮ್ಮ ಸೀಮೆಯ ಒಂದೇ ಮನೆಯಲ್ಲಿಲ್ಲ ಎಂಬುದು ಆ ಬಳಿಕದ ವಿಚಾರಣೆಯಲ್ಲಿ ತಿಳಿಯಿತು. ಪರಿಸರದ ಬಗ್ಗೆ ಕಾಳಜಿಯ ಮಾತಾಡುವ, ನಮ್ಮ ಸಭೆಗಳಿಗೆ ತಪ್ಪದೆ ಬರುವ ಮನೆಗಳಲ್ಲಿಯೂ ಇವೆ. ಆದ್ದರಿಂದ ಇದನ್ನೇ ಬರೆಯುವುದು ಸರಿಯೆನಿಸಿತು. ಆ ಮನೆಯವರು ಹೆಸರು ಬೇಡ, ವಿಷಯ ಬರೆಯಿರಿ ಎಂದು ಒಪ್ಪಿಗೆ ಕೊಟ್ಟಿದ್ದಾರೆ. ಪಿಸ್ತೂಲನ್ನು ಹೇಗೆ ಕಟ್ಟಲಾಗಿತ್ತು ಎಂಬ ವಿವರ ಮಾತ್ರ ಇಲ್ಲಿ ಸಿಗಲಾರದು. ಅದನ್ನು ಕೇಳಿ ಯಾರೂ ನನಗೆ ಕಾಗದ ಬರೆಯುವುದು ಬೇಡ.

ಹುಡುಗನ ಬಗ್ಗೆ ಎರಡು ಮಾತು ಹೇಳಬೇಕು. ಡಿಪ್ಲೊಮಾ ಓದಿ, ಎರಡು ವರ್ಷ ಪಟ್ಟಣದ ಗ್ಯಾರೇಜಿನಲ್ಲಿ ದುಡಿದು, ತಂದೆಗೆ ಕೈಲಾಗದಾಯಿತೆಂದು ಊರಿಗೆ ಮರಳಿದವನು. ಕೇರಿಯ ಅಡಿಕೆ ಸುಲಿಯುವ ಯಂತ್ರಗಳೆಲ್ಲ ಕೆಟ್ಟಾಗ ಅವನ ಚಾವಡಿಗೇ ಬರುತ್ತವೆ. ಕೊಳೆರೋಗಕ್ಕೆ ಔಷಧಿ ಹೊಡೆಯುವ ಪಂಪಿನ ವಾಷರು ಹರಿದರೆ ಮಳೆಯಲ್ಲೇ ಬಂದು ಹಾಕಿಕೊಡುತ್ತಾನೆ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಮನು ಭಾಕರ್ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಪದಕ ಗೆದ್ದದ್ದನ್ನು ಮನೆಯವರೆಲ್ಲ ಕೂಡಿ ಟೀವಿಯಲ್ಲಿ ನೋಡಿದ್ದರು. ಗಾಳಿಯಿಂದಲೇ ಇಷ್ಟು ಗುರಿಯಾಗಿ ಹೊಡೆಯಬಹುದಾದರೆ ತೋಟದ ಮಂಗಕ್ಕೆ ಇದೇ ಸಾಕಲ್ಲ ಎಂಬ ಯೋಚನೆ ಅಲ್ಲಿಂದ ಹುಟ್ಟಿತಂತೆ. ಉದ್ದದ ಕೋವಿ ಹಿಡಿದು ಸಂಕ ದಾಟುವುದು, ಅಗಳ ಹಾರುವುದು ಕಷ್ಟ. ಪಿಸ್ತೂಲಾದರೆ ಸೊಂಟಕ್ಕೆ ಸಿಕ್ಕಿಸಿಕೊಳ್ಳಬಹುದು.

ಒಡೆದದ್ದು ಎರಡನೆಯ ಪಿಸ್ತೂಲು. ಮೊದಲನೆಯದು ಒಡೆದಿರಲಿಲ್ಲ, ಚೆನ್ನಾಗಿಯೇ ಕೆಲಸ ಮಾಡಿತ್ತು. ಹೆಚ್ಚು ಅನಾಹುತ ಮಾಡಿದ್ದು ಅದೇ ಎಂದು ನನ್ನ ಅಭಿಪ್ರಾಯ. ಅದರ ಕಥೆಗೆ ಆಮೇಲೆ ಬರುತ್ತೇನೆ.

ಮಂಗನ ಕಾಟ ಏನೆಂಬುದನ್ನು ಈ ಪತ್ರಿಕೆಯ ಓದುಗರಿಗೆ ವಿವರಿಸಬೇಕಾಗಿಲ್ಲ. ಬಾಳೆಗೊನೆ, ಎಳನೀರು, ಏಲಕ್ಕಿಯ ಸುಳಿ, ಕೊನೆಗೆ ಎಳೆಯಡಿಕೆ. ಒಂದು ಹಿಂಡು ಒಂದು ಬೆಳಗಿನಲ್ಲಿ ತಿನ್ನುವುದಕ್ಕಿಂತ ಚೀಪಿ ಉದುರಿಸುವುದೇ ಹೆಚ್ಚು. ಪೇಟೆಯ ಪರಿಸರಪ್ರಿಯರು ಇದನ್ನು ಕೇಳಿ ಮುಗುಳ್ನಗುತ್ತಾರೆ. ಅವರ ವರ್ಷದ ಸಂಬಳದಲ್ಲಿ ಮೂರು ತಿಂಗಳಿನದನ್ನು ಯಾರಾದರೂ ಮರದ ಮೇಲೆ ಕುಳಿತು ಹರಿದು ಬಿಸಾಡಿದರೆ ಎಷ್ಟು ನಗುತ್ತಾರೋ ಗೊತ್ತಿಲ್ಲ. ಹಿಂದೆ ಮನೆಗೆ ಹತ್ತು ಜನರಿದ್ದರು. ಮಕ್ಕಳು ಹುಯ್ಯಲಿಟ್ಟು ಓಡಿಸುತ್ತಿದ್ದರು, ನಾಯಿಗಳಿದ್ದವು. ಈಗ ಬಹಳಷ್ಟು ಮನೆಗಳಲ್ಲಿ ಅರವತ್ತು ದಾಟಿದ ದಂಪತಿಗಳಿಬ್ಬರೇ. ತೋಟ ಕಾಯುವ ಜನ ಕಡಿಮೆಯಾದದ್ದಕ್ಕೂ ಕಾಟ ಹೆಚ್ಚಾದದ್ದಕ್ಕೂ ಇರುವ ಸಂಬಂಧವನ್ನು ಯಾವ ಸರ್ಕಾರಿ ವರದಿಯೂ ಲೆಕ್ಕ ಹಾಕಿದ್ದನ್ನು ನಾನು ನೋಡಿಲ್ಲ.

ಬೆಳೆ ರಕ್ಷಣೆಗೆಂದು ಲೈಸೆನ್ಸಿನ ಕೋವಿ ಇಟ್ಟುಕೊಂಡವರ ಪಾಡೂ ಗೊತ್ತೇ ಇದೆ. ನವೀಕರಣಕ್ಕೆ ಅಲೆಯಬೇಕು, ಪಂಚಾಯತಿಯಿಂದ ಲೋಕಸಭೆಯವರೆಗೆ ಪ್ರತಿ ಚುನಾವಣೆಗೂ ಠಾಣೆಗೆ ಒಪ್ಪಿಸಿ ಬರಬೇಕು. ಚುನಾವಣೆ ಬೇಸಿಗೆಯಲ್ಲಿ, ಮಂಗ ಬರುವುದೂ ಬೇಸಿಗೆಯಲ್ಲಿ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ರಾಜ್ಯದ ಉಚ್ಚ ನ್ಯಾಯಾಲಯವೂ ಎತ್ತಿಹಿಡಿಯಿತು. ಅದು ಅವರ ಸಂಸ್ಕೃತಿಗೆ ಸಂಬಂಧಿಸಿದ್ದು, ನಮ್ಮ ಕಡೆಗೆ ಅನ್ವಯಿಸುವುದಿಲ್ಲ. ಹೀಗಾಗಿ ಕಾಗದಪತ್ರ ಬೇಡದ, ಠಾಣೆ ಬೇಡದ ಆಯುಧ ಯಾವುದೆಂದು ಹುಡುಕುವವನಿಗೆ ಏರ್‌ಗನ್ನು ಸಿಗುತ್ತದೆ. ಅಂಗಡಿಯದಕ್ಕೆ ದುಡ್ಡು ಬೇಕು. ಕೈಚಳಕವಿದ್ದವನಿಗೆ ಕೊಟ್ಟಿಗೆಯಲ್ಲೇ ಆಗುತ್ತದೆ. ಇಷ್ಟರಮಟ್ಟಿಗೆ ನಾನು ಆ ಹುಡುಗನ ಪಕ್ಷ.

ಆದರೆ ಗಾಳಿ ಎಂದರೆ ಬರೀ ಗಾಳಿ ಎಂಬ ನಂಬಿಕೆ ತಪ್ಪು. ಸುಮಾರು 1780ರ ವೇಳೆಗೆ ಆಸ್ಟ್ರಿಯಾದ ಸೈನ್ಯ ಗಿರಾಂಡೋನಿ ಎಂಬ ಕುಶಲಕರ್ಮಿ ರೂಪಿಸಿದ ಗಾಳಿ ಬಂದೂಕನ್ನು ಬಳಕೆಗೆ ತಂದಿತು. ಹಿಡಿಯ ಭಾಗವೇ ಗಾಳಿಯ ಕೊಡ; ಒಮ್ಮೆ ತುಂಬಿಸಲು ಸಾವಿರಕ್ಕೂ ಹೆಚ್ಚು ಸಲ ಪಂಪು ಹೊಡೆಯಬೇಕು; ಇಪ್ಪತ್ತರಷ್ಟು ಗುಂಡುಗಳನ್ನು ಮದ್ದಿಲ್ಲದೆ, ಹೊಗೆಯಿಲ್ಲದೆ ಹಾರಿಸಬಹುದು. ಅದು ಮನುಷ್ಯನನ್ನು ಕೊಲ್ಲುವ ಆಯುಧವೇ ಆಗಿತ್ತು. ಆದರೆ ಅಷ್ಟು ಒತ್ತಡ ತಡೆಯುವ ಕೊಡಗಳನ್ನು ಸೋರದಂತೆ, ಒಡೆಯದಂತೆ ತಯಾರಿಸುವುದು ರಾಜನ ಕಮ್ಮಟಕ್ಕೇ ಕಷ್ಟವಾಯಿತು. 1815ರ ಹೊತ್ತಿಗೆ ಸೈನ್ಯ ಅದನ್ನು ಕೈಬಿಟ್ಟಿತು. ಅಮೆರಿಕದ ಪಶ್ಚಿಮ ಭಾಗಗಳನ್ನು ಶೋಧಿಸಲು ಹೊರಟ ಮೆರಿವೆದರ್ ಲೂಯಿಸ್ ಒಂದು ಗಾಳಿ ಬಂದೂಕನ್ನು ಜೊತೆಗೊಯ್ದಿದ್ದ. ಪ್ರಯಾಣದ ಆರಂಭದಲ್ಲೇ, 1803ರ ಆಗಸ್ಟ್ 30ರಂದು, ಪಿಟ್ಸ್‌ಬರ್ಗಿನ ಬಳಿ ನದಿಯ ನಡುಗಡ್ಡೆಯೊಂದರಲ್ಲಿ ಜನರಿಗೆ ಅದನ್ನು ಹಾರಿಸಿ ತೋರಿಸಿದ. ನೋಡಬಂದವನೊಬ್ಬ ಕೈಗೆತ್ತಿಕೊಂಡಾಗ ಅದು ತಾನಾಗಿ ಹಾರಿ, ನಲವತ್ತು ಗಜ ದೂರದಲ್ಲಿದ್ದ ಹೆಂಗಸಿನ ಕಣತಲೆಯನ್ನು ಸವರಿಕೊಂಡು ಹೋಯಿತು. ಆಕೆ ನೆತ್ತರು ಸುರಿಸುತ್ತ ಬಿದ್ದಳು, ಸತ್ತಳೆಂದೇ ಎಲ್ಲರೂ ತಿಳಿದರು, ಪುಣ್ಯಕ್ಕೆ ಚೇತರಿಸಿಕೊಂಡಳು. ಲೂಯಿಸ್ ತನ್ನ ದಿನಚರಿಯ ಮೊದಲ ದಿನದ ಪುಟದಲ್ಲೇ ಇದನ್ನು ಬರೆದಿಟ್ಟಿದ್ದಾನೆ.

ನಮ್ಮ ಕೊಟ್ಟಿಗೆಯ ವಿಷಯಕ್ಕೆ ಬಂದರೆ, ಇಲ್ಲಿ ಒಡೆದದ್ದು ತೋಟದ ನೀರಿನ ಪಿವಿಸಿ ಪೈಪು. ಪೈಪಿನ ಮೇಲೆ ಇಷ್ಟು ಕಿಲೋ ಒತ್ತಡ ತಡೆಯುತ್ತದೆ ಎಂದು ಅಚ್ಚು ಹಾಕಿರುತ್ತಾರೆ. ಅದು ನೀರಿಗೆ ಸಂಬಂಧಿಸಿದ ಮಾತು. ಅದೇ ಅಂಕಿಯನ್ನು ಗಾಳಿಗೂ ನಂಬುವುದೇ ಈ ಅಪಘಾತಗಳ ಮೂಲ. ನೀರನ್ನು ಎಷ್ಟು ಒತ್ತಿದರೂ ಅದು ಕುಗ್ಗುವುದು ಅತ್ಯಲ್ಪ. ಪೈಪು ಬಿರಿದ ಕ್ಷಣ ಒತ್ತಡ ಇಳಿದುಹೋಗುತ್ತದೆ. ಒಂದಷ್ಟು ನೀರು ಚಿಮ್ಮಿ ಬಟ್ಟೆ ಒದ್ದೆಯಾಗುತ್ತದೆ, ಅಷ್ಟೆ. ಗಾಳಿ ಹಾಗಲ್ಲ. ಅದು ಅದುಮಿಟ್ಟ ಸ್ಪ್ರಿಂಗಿನಂತೆ ಶಕ್ತಿಯನ್ನು ಕೂಡಿಟ್ಟುಕೊಂಡಿರುತ್ತದೆ. ಒಂದು ಲೀಟರಿನ ಪಾತ್ರೆಯಲ್ಲಿ ಏಳು ಕಿಲೋ ಒತ್ತಡದ ಗಾಳಿ ಇದೆಯೆನ್ನಿ. ಅದು ಒಮ್ಮೆಗೇ ಬಿಡುಗಡೆಯಾದರೆ, ಹತ್ತು ಕಿಲೋ ತೂಗುವ ಅಡಿಕೆ ಕೊನೆಯೊಂದು ಮೂವತ್ತು ಅಡಿ ಎತ್ತರದ ಮರದಿಂದ ತಲೆಯ ಮೇಲೆ ಬಿದ್ದಷ್ಟು ಶಕ್ತಿ. ಆ ಶಕ್ತಿಯೆಲ್ಲ ಪ್ಲಾಸ್ಟಿಕ್ಕಿನ ಚೂಪು ಚೂರುಗಳ ಬೆನ್ನಿಗೆ ಬೀಳುತ್ತದೆ. ಪಿವಿಸಿ ಉಬ್ಬಿ ಹರಿಯುವ ವಸ್ತುವಲ್ಲ. ಗಾಜಿನಂತೆ ಸಿಡಿಯುವ ವಸ್ತು. ಬಿಸಿಲಿಗೆ ಬಿದ್ದದ್ದಾದರೆ ಇನ್ನೂ ಪೆಡಸು. ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆ ನೆಲದ ಮೇಲೆ ಹಾಯ್ದುಹೋಗುವ ಒತ್ತಡದ ಗಾಳಿಗೆ ಪಿವಿಸಿ ಪೈಪು ಬಳಸುವುದರ ವಿರುದ್ಧ 1988ರಲ್ಲೇ ಎಚ್ಚರಿಕೆ ಹೊರಡಿಸಿತ್ತು. ಕಾರ್ಖಾನೆಯೊಂದರಲ್ಲಿ ಅದು ಕೆಲಸಗಾರರೊಬ್ಬರನ್ನು ಗಾಯಗೊಳಿಸಿದ ಬಳಿಕ.

ಒಲಿಂಪಿಕ್ಸಿನಲ್ಲಿ ಹುಡುಗ ಕಂಡ ಪಿಸ್ತೂಲಿನ ಸಿಲಿಂಡರಿಗೆ ತಯಾರಕರು ಅವಧಿ ನಿಗದಿ ಮಾಡಿರುತ್ತಾರೆ. ಅವಧಿ ಮೀರಿದರೆ ಚೆನ್ನಾಗಿಯೇ ಇದ್ದರೂ ಪಂದ್ಯದಲ್ಲಿ ಬಳಸುವಂತಿಲ್ಲ. ಪರೀಕ್ಷೆ ಮಾಡಿದ ಲೋಹಕ್ಕೇ ಇಷ್ಟು ಅನುಮಾನ. ನಮ್ಮವನ ಪೈಪು ಎರಡು ಮಳೆಗಾಲ ಬಾವಿಕಟ್ಟೆಯ ಬಳಿ ಬಿದ್ದಿದ್ದ ತುಂಡು. ಮೊದಲನೆಯ ಪಿಸ್ತೂಲು ಮಂಗನಿಗೆ ಸಾಕಾಗಲಿಲ್ಲವೆಂದು ಎರಡನೆಯದಕ್ಕೆ ಹೆಚ್ಚು ಗಾಳಿ ತುಂಬಿದ. ಮನೆಯಲ್ಲಿ ಮಾಡುವ ಎಲ್ಲ ಆಯುಧಗಳ ದಾರಿಯೂ ಇದೇ: ಹಿಂದಿನದಕ್ಕಿಂತ ಇನ್ನೊಂದಿಷ್ಟು ಜೋರು.

ಇದರ ಸೋದರಸಂಬಂಧಿಯಾದ ಕಾರ್ಬೈಡ್ ಕೋವಿಯನ್ನೂ ಇಲ್ಲಿಯೇ ನೆನೆಯಬೇಕು. ಪಿವಿಸಿ ಪೈಪಿನ ಆ ಸದ್ದಿನ ಕೋವಿ ಮಂಗ, ಹಕ್ಕಿಗಳನ್ನು ಬೆದರಿಸಲು ರೈತರ ನಡುವೆ ಹಬ್ಬಿದ್ದು. 2025ರ ದೀಪಾವಳಿಯಲ್ಲಿ ಅದೇ ವಸ್ತು ಮಧ್ಯಪ್ರದೇಶದ ಭೋಪಾಲ ಮತ್ತಿತರ ಊರುಗಳಲ್ಲಿ ಆಟಿಕೆಯಾಗಿ ಬೀದಿಯಲ್ಲಿ ಮಾರಾಟವಾಯಿತು. ಕೆಲವೇ ದಿನಗಳಲ್ಲಿ ನೂರಕ್ಕೂ ಹೆಚ್ಚು ಜನ, ಬಹುಪಾಲು ಮಕ್ಕಳು, ಕಣ್ಣಿನ ಗಾಯದಿಂದ ಆಸ್ಪತ್ರೆ ಸೇರಿದರು. ಹಲವರ ದೃಷ್ಟಿಯೇ ಹೋಯಿತು. ಹೊತ್ತಿಕೊಳ್ಳದಾಗ ಏನಾಯಿತೆಂದು ಪೈಪಿನ ಬಾಯಿಗೆ ಕಣ್ಣಿಟ್ಟು ನೋಡಿದ ಮಕ್ಕಳು ಅವರಲ್ಲಿದ್ದರು. ನಮ್ಮ ತೋಟಗಳಲ್ಲಿ ಇಂದಿಗೂ ಅದನ್ನು ಹಿಡಿದು ಓಡಾಡುವವರು ಇದ್ದಾರೆ. ತೋಟದಿಂದ ಬಂದು ಜಗಲಿಯ ಮೂಲೆಯಲ್ಲಿ ಒರಗಿಸಿಟ್ಟ ವಸ್ತುವಿಗೆ ರಜೆಗೆ ಬಂದ ಮೊಮ್ಮಕ್ಕಳ ಕೈ ತಲುಪುವುದು ಎಷ್ಟು ಹೊತ್ತು?

ಈಗ ಮೊದಲನೆಯ ಪಿಸ್ತೂಲು.

ಮಾಗಿ ಚಳಿ ಇನ್ನೂ ಬಿಡದ ದಿನಗಳು. ಒಂದು ಹೆಣ್ಣು ಮಂಗ, ಹೊಟ್ಟೆಗೆ ಮರಿ ಕಚ್ಚಿಕೊಂಡದ್ದು, ನಮ್ಮ ಪಂಪುಮನೆಯ ಹಿಂದಿನ ಹಲಸಿನ ಮರದಲ್ಲಿ ಒಂಟಿಯಾಗಿ ಕುಳಿತಿರುವುದನ್ನು ಕಂಡೆ. ಹಿಂಡು ಮುಂದೆ ಹೋಗಿತ್ತು. ಮುಖದ ಒಂದು ಪಾರ್ಶ್ವ ಊದಿಕೊಂಡು ಕಣ್ಣು ಮುಚ್ಚಿತ್ತು. ಎರಡು ದಿನ ಅಲ್ಲೇ ಇತ್ತು. ಮೂರನೆಯ ದಿನ ಬೆಳಿಗ್ಗೆ ಮರದ ಬುಡದಲ್ಲಿ ಸತ್ತುಬಿದ್ದಿತ್ತು. ಮರಿ ಏನಾಯಿತೋ ತಿಳಿಯಲಿಲ್ಲ.

ಸತ್ತ ಮಂಗ ಎಂದರೆ ಮಲೆನಾಡಿನಲ್ಲಿ ಅದೊಂದು ಸಾಮಾನ್ಯ ಸಾವಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತವು. ಬೆನ್ನಿಗೇ ಮನುಷ್ಯರೂ ಜ್ವರದಿಂದ ಮಲಗಿದರು. ಹಳದಿ ಜ್ವರ ಭಾರತಕ್ಕೂ ಬಂತೇ ಎಂದು ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಗಾಬರಿಯಿಂದ ಓಡಿಬಂದರು. ಸಿಕ್ಕಿದ್ದು ಹೊಸ ವೈರಸ್ಸು, ಹರಡುವುದು ಉಣ್ಣೆಗಳಿಂದ. ಮಂಗ ಸತ್ತೊಡನೆ ಅದರ ಮೈಮೇಲಿನ ಸೋಂಕಿನ ಉಣ್ಣೆಗಳು ನೆಲಕ್ಕಿಳಿಯುತ್ತವೆ. ಸೊಪ್ಪು, ದರಕು, ಕಟ್ಟಿಗೆ ತರಲು ಹೋದವರಿಗೆ, ಮೇಯಲು ಹೋದ ದನಗಳಿಗೆ ಹತ್ತುತ್ತವೆ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಆದದ್ದು ಎಲ್ಲರ ನೆನಪಿನಲ್ಲಿದೆ. ಪರಿಣಾಮ ಸಾಲದೆಂದು ಹಳೆಯ ಲಸಿಕೆಯನ್ನು 2022ರಲ್ಲಿ ನಿಲ್ಲಿಸಿದರು. ಹೀಗಿರುವಾಗ ನಮ್ಮ ಕೈಯಲ್ಲಿರುವ ಮುನ್ಸೂಚನೆಗಳಲ್ಲಿ ಬಹು ಮುಖ್ಯವಾದದ್ದು ಮಂಗನ ಸಾವು. ಯಾವ ಕಾಡಿನಂಚಿನಲ್ಲಿ ಮಂಗ ಸತ್ತಿದೆ ಎಂಬ ಸುದ್ದಿಯ ಮೇಲೆ ಆರೋಗ್ಯ ಇಲಾಖೆಯವರು ಎಲ್ಲಿ ಮಲಾಥಿಯಾನ್ ಎರಚಬೇಕು, ಯಾವ ಊರಿಗೆ ಮೈಗೆ ಹಚ್ಚುವ ಎಣ್ಣೆ ಹಂಚಬೇಕು, ಯಾರ ಜ್ವರವನ್ನು ಅನುಮಾನಿಸಬೇಕು ಎಂಬುದನ್ನು ತೀರ್ಮಾನಿಸುತ್ತಾರೆ.

ನಾನು ಸುದ್ದಿ ಮುಟ್ಟಿಸಿದೆ. ಆರೋಗ್ಯ ಕೇಂದ್ರದಿಂದ ಇಬ್ಬರು ಬಂದರು. ಆಶಾ ಕಾರ್ಯಕರ್ತೆ ಮನೆಮನೆಗೆ ಹೋಗಿ ಜ್ವರ ವಿಚಾರಿಸಿದರು. ಕೇರಿಯ ಹೆಂಗಸರು ಹತ್ತು ದಿನ ಸೊಪ್ಪಿನಬೆಟ್ಟಕ್ಕೆ ಹೋಗಲಿಲ್ಲ. ಕೊಟ್ಟಿಗೆಗೆ ಹಾಸಲು ಸೊಪ್ಪಿಲ್ಲದೆ ದನಗಳು ಕೆಸರಲ್ಲಿ ಮಲಗಿದವು. ಒಬ್ಬ ಅಜ್ಜಿಗೆ ಮಾಮೂಲಿ ಜ್ವರ ಬಂದದ್ದಕ್ಕೆ ಮನೆಯವರೆಲ್ಲ ರಾತ್ರಿಯಿಡೀ ನಿದ್ದೆಗೆಟ್ಟರು. ಇಷ್ಟೆಲ್ಲ ಆದ ಮೇಲೆ ಹುಡುಗ ಒಂದು ಸಂಜೆ ನಮ್ಮ ಜಗಲಿಗೆ ಬಂದು ತಲೆತಗ್ಗಿಸಿ ಕುಳಿತ.

“ಮಾವ, ಅದು ಕಾಯಿಲೆ ಅಲ್ಲ. ನಾನೇ ಹೊಡೆದದ್ದು. ಹೆದರಿಸೋಕೆ ಅಂತ ಹೊಡೆದೆ, ಮುಖಕ್ಕೆ ತಾಗಿತು.”

ತಪ್ಪೊಪ್ಪಿಕೊಳ್ಳಬೇಕಾದ್ದು ಅವನೊಬ್ಬನೇ ಅಲ್ಲ. ಕೇಳಿದ ಮೇಲೂ ಒಂದು ದಿನ ನಾನು ಬಾಯಿ ಬಿಡಲಿಲ್ಲ. ಹುಡುಗನ ಮೇಲೆ ಕೇಸಾದೀತು, ಅವನ ತಂದೆಯ ಮುಖ ನೋಡುವುದು ಹೇಗೆ ಎಂಬ ಅಳುಕು. ಮರುದಿನ ಆರೋಗ್ಯ ಕೇಂದ್ರದವರಿಗೆ ವಿಷಯ ತಿಳಿಸಿದೆ. ಅವರು ಬೈಯಲಿಲ್ಲ. ಆದರೆ ಅವರಲ್ಲೊಬ್ಬರು ಹೇಳಿದ ಮಾತು ನನ್ನನ್ನು ಈ ಬರಹಕ್ಕೆ ಹಚ್ಚಿತು: ಇನ್ನು ಮುಂದೆ ನಿಮ್ಮೂರಿನಲ್ಲಿ ಮಂಗ ಸತ್ತಿದೆ ಎಂದು ಫೋನು ಬಂದರೆ ನಾವು ಮೊದಲು ಏನು ಯೋಚಿಸಬೇಕು ಸಾರ್?

ಗಾಳಿಕೋವಿಯ ನಿಜವಾದ ಅಪಾಯವನ್ನು ನಾನು ಇಲ್ಲಿ ಕಾಣುತ್ತೇನೆ. ನಾಡಕೋವಿಯ ಗುಂಡು ಬಿದ್ದರೆ ಪ್ರಾಣಿ ಅಲ್ಲೇ ಬೀಳುತ್ತದೆ, ಸದ್ದು ಊರಿಗೇ ಕೇಳುತ್ತದೆ, ಯಾರು ಹೊಡೆದರೆಂದು ಎಲ್ಲರಿಗೂ ಗೊತ್ತಾಗುತ್ತದೆ. ಅರ್ಧ ಗ್ರಾಮಿನ ಸೀಸದ ಚೂರು ಕೊಲ್ಲುವುದಿಲ್ಲ, ಒಳಹೊಕ್ಕು ಕುಳಿತುಬಿಡುತ್ತದೆ. ಚರ್ಮ ಹರಿಯಲು ಅದಕ್ಕೆ ಸೆಕೆಂಡಿಗೆ ನೂರು ಮೀಟರಿನಷ್ಟು ವೇಗ ಸಾಕು. ಕಣ್ಣಿಗಾದರೆ ಅದರ ಅರ್ಧದಷ್ಟೂ ಬೇಡ. ಪ್ರಾಣಿ ದೂರ ಹೋಗಿ, ಗಾಯ ಕೊಳೆತು, ನಾಲ್ಕು ದಿನಗಳ ಬಳಿಕ ಯಾರದೋ ಬೆಟ್ಟದಲ್ಲಿ ಸಾಯುತ್ತದೆ. ಹೊರಗಿನಿಂದ ನೋಡಿದರೆ ಗಾಯವೂ ಕಾಣುವುದಿಲ್ಲ. ಕಾಡಿನ ಸಾವುಗಳಲ್ಲಿ ಯಾವುದು ರೋಗದ್ದು, ಯಾವುದು ನಮ್ಮದು ಎಂಬ ಗೆರೆ ಅಳಿಸಿಹೋಗುತ್ತದೆ. ಮುಂದೊಂದು ದಿನ ನಿಜವಾದ ಮುನ್ಸೂಚನೆ ಬಂದಾಗ, ಯಾರೋ ಹುಡುಗ ಹೊಡೆದಿರಬೇಕು ಎಂದು ನಾವೇ ಮಾತು ಮುಗಿಸಿಬಿಡುತ್ತೇವೆ. ಅಥವಾ ಹೊಡೆದವರು ಅಂಜಿಕೆಯಿಂದ ಹೆಣವನ್ನು ಬರಿಗೈಯಲ್ಲಿ ಎಳೆದು ಹೂಳುತ್ತಾರೆ. ಎರಡನೆಯದು ಈಗಾಗಲೇ ನಡೆದಿದೆಯೆಂದು ಕೇಳಿದ್ದೇನೆ. ಸತ್ತ ಮಂಗನನ್ನು, ಅದು ಹೇಗೇ ಸತ್ತಿರಲಿ, ಮುಟ್ಟಬೇಡಿ. ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಇದರಲ್ಲಿ ಮುಜುಗರಕ್ಕೆ ಅವಕಾಶವಿಲ್ಲ.

ಸೀಸದ ವಿಷಯ ಕೆಲವರು ಕೇಳಿದ್ದರು. ನಮ್ಮ ಹುಳಿ ಮಣ್ಣಿನಲ್ಲಿ ಸೀಸ ಹೆಚ್ಚು ಕರಗುತ್ತದೆ ಎಂಬುದು ನಿಜ. ಆದರೆ ಒಂದು ತೋಟದಲ್ಲಿ ಬೀಳುವ ಗುಂಡುಗಳ ಪ್ರಮಾಣದಲ್ಲಿ ಅದೊಂದು ದೊಡ್ಡ ಸಂಗತಿಯಲ್ಲ. ಮಣ್ಣಿಗೆ ನಾವು ಮಾಡುತ್ತಿರುವ ಬೇರೆ ಅನ್ಯಾಯಗಳ ಪಟ್ಟಿಯಲ್ಲಿ ಅದಕ್ಕೆ ಬಹಳ ಕೆಳಗಿನ ಸ್ಥಾನ.

ಕಾನೂನಿನ ಮಾತನ್ನು ಚುಟುಕಾಗಿ ಮುಗಿಸುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಬೇಟೆ ಎಂದರೆ ಕೊಲ್ಲುವುದು ಮಾತ್ರವಲ್ಲ. ಗಾಯಗೊಳಿಸುವುದೂ ಬೇಟೆಯೇ, ಪ್ರಯತ್ನವೂ ಬೇಟೆಯೇ. 2022ರ ತಿದ್ದುಪಡಿಯ ಬಳಿಕ ನಮ್ಮ ಸಾಮಾನ್ಯ ಕೆಂಪು ಮುಖದ ಮಂಗವೂ ಮೊದಲನೆಯ ಅನುಸೂಚಿಯಲ್ಲಿದೆ. ಏರ್‌ಗನ್ನಿಗೆ ಲೈಸೆನ್ಸು ಬೇಡ ಎಂಬ ಮಾತು ಅರ್ಧ ಸತ್ಯ. 2016ರ ಶಸ್ತ್ರಾಸ್ತ್ರ ನಿಯಮಗಳು 20 ಜೂಲ್ ಶಕ್ತಿ ಮತ್ತು 0.177 ಇಂಚಿನ ನಳಿಗೆ ಎಂಬ ಮಿತಿ ಹಾಕಿವೆ. ಅದನ್ನು ಮೀರಿದ್ದಕ್ಕೆ ಲೈಸೆನ್ಸು ಬೇಕು. ಕೊಟ್ಟಿಗೆಯಲ್ಲಿ ಕಟ್ಟಿದವನಿಗೆ ತನ್ನದು ಎಷ್ಟು ಜೂಲ್ ಎಂದು ಅಳೆಯುವ ಸಾಧನವೆಲ್ಲಿದೆ? ಇನ್ನು ಅನುಮತಿಯಿಲ್ಲದೆ ಆಯುಧ ತಯಾರಿಸುವುದಕ್ಕೆ 2019ರ ತಿದ್ದುಪಡಿ ಕನಿಷ್ಠ ಏಳು ವರ್ಷ, ಗರಿಷ್ಠ ಜೀವಾವಧಿ ಶಿಕ್ಷೆಯನ್ನು ವಿಧಿಸಿದೆ. ಬಾಳೆಗೊನೆಯೊಂದರ ಸಲುವಾಗಿ ಇಂತಹ ಕಾನೂನಿನ ಬಾಯಿಗೆ ಮಗನನ್ನು ಕೊಡಲು ಯಾವ ತಾಯಿ ಸಿದ್ಧಳಿದ್ದಾಳೆ?

ಆದರೆ ಕಾನೂನು ತೋರಿಸಿ ಹೆದರಿಸುವುದರಿಂದ ಕೋವಿಗಳು ಹೊರಬರುವುದಿಲ್ಲ. ಇನ್ನೂ ಒಳಗಿನ ಅಟ್ಟಕ್ಕೆ ಹೋಗುತ್ತವೆ. ಈ ವಿಷಯದಲ್ಲಿ ನಮಗಿಂತ ಬಡವಾದ ಇನ್ನೊಂದು ಬೆಟ್ಟಸೀಮೆಯ ಜನ ತೋರಿದ ದಾರಿ ಗಮನಾರ್ಹ. ಅರುಣಾಚಲ ಪ್ರದೇಶದಲ್ಲಿ ಏರ್‌ಗನ್ನು ಮನೆಮನೆಯ ವಸ್ತು. ಹಕ್ಕಿ ಹೊಡೆದು ಅಡಿಗೆ ಮಾಡುವುದು ತಲೆಮಾರುಗಳ ರೂಢಿ. 2021ರ ಮಾರ್ಚಿನಲ್ಲಿ ಅಲ್ಲಿಯ ಪೂರ್ವ ಕಮೆಂಗ್ ಜಿಲ್ಲೆಯ ಲುಮ್‌ಡುಂಗ್ ಎಂಬ ಹಳ್ಳಿಯಿಂದ ಏರ್‌ಗನ್ ಒಪ್ಪಿಸುವ ಅಭಿಯಾನ ಆರಂಭವಾಯಿತು. ದಾಳಿಯಿಲ್ಲ, ಕೇಸಿಲ್ಲ, ಜನ ಸಭೆಗೆ ಬಂದು ತಾವಾಗಿಯೇ ಕೊಟ್ಟರು. ವರ್ಷ ತುಂಬುವಷ್ಟರಲ್ಲಿ ಹೀಗೆ ಬಂದ ಕೋವಿಗಳು 1,600 ದಾಟಿದವು. ಅಲ್ಲಿ ಬೇಟೆ ಪೂರ್ತಿ ನಿಂತಿತೆಂದು ನಾನು ಹೇಳುತ್ತಿಲ್ಲ. ಆದರೆ ಅವಮಾನವಿಲ್ಲದೆ ಕೋವಿ ಕೆಳಗಿಡಲು ಒಂದು ಜಗುಲಿ ಸಿಕ್ಕಿದರೆ ಜನ ಇಡುತ್ತಾರೆ ಎಂಬುದಂತೂ ಗೊತ್ತಾಯಿತು. ಒಂದು ವ್ಯತ್ಯಾಸ ಮಾತ್ರ ಮರೆಯುವಂತಿಲ್ಲ. ಅವರು ಬಿಟ್ಟುಕೊಟ್ಟದ್ದು ಒಂದು ರೂಢಿಯನ್ನು. ನಮ್ಮವರು ಬಿಟ್ಟುಕೊಡಬೇಕಾದ್ದು ಬೆಳೆಯ ಕಾವಲನ್ನು. ಅದರ ಜಾಗಕ್ಕೆ ನಾವು ಏನನ್ನು ಕೊಡುತ್ತೇವೆ?

ಇಲ್ಲಿ ನಮ್ಮ ಬಳಗ ತನ್ನ ಹಳೆಯ ಮಾತೊಂದನ್ನು ತಿದ್ದಿಕೊಳ್ಳಬೇಕು. ಬೆಟ್ಟದಲ್ಲಿ ನೇರಳೆ, ಅತ್ತಿ, ಹೆಬ್ಬಲಸು, ಮುರುಗಲು ನೆಟ್ಟರೆ ಮಂಗ ತೋಟಕ್ಕೆ ಬರುವುದಿಲ್ಲವೆಂದು ಇದೇ ಪುಟಗಳಲ್ಲಿ ಹಲವು ಸಲ ಬರೆದೆವು. ಅಕೇಶಿಯಾ ನೆಡುತೋಪುಗಳು ಕಾಡಿನ ಹಣ್ಣನ್ನು ಕಸಿದದ್ದು ಸುಳ್ಳಲ್ಲ. ಹಣ್ಣಿನ ಗಿಡ ನೆಡುವುದು ಬೇಡವೆಂದೂ ಅಲ್ಲ. ಆದರೆ ತೋಟದ ರುಚಿ ಕಂಡ ಹಿಂಡು ಹದಿನೈದು ವರ್ಷ ಕಾದು ನೇರಳೆ ತಿನ್ನಲು ವಾಪಸು ಹೋಗುತ್ತದೆ ಎಂಬುದಕ್ಕೆ ನನ್ನ ಬಳಿ ಆಧಾರವಿಲ್ಲ. ಶರಾವತಿ ಹಿನ್ನೀರಿನಲ್ಲಿ ಮಂಗಗಳಿಗೊಂದು ಪಾರ್ಕು ಎಂಬ 2019ರ ಘೋಷಣೆಯ ಬಗ್ಗೆ ಹೇಳದಿರುವುದೇ ಮೇಲು. ಒಂದೂರಿನ ಹಿಂಡನ್ನು ಹಿಡಿದು ರಾತ್ರೋರಾತ್ರಿ ಇನ್ನೊಂದೂರಿನ ಘಟ್ಟದಲ್ಲಿ ಬಿಟ್ಟುಬರುವ ಬುದ್ಧಿವಂತಿಕೆ ನೆರೆಯವನ ಮನೆಗೆ ಕಸ ಎಸೆದಂತೆ. ರೋಗದ ಸೀಮೆಯಲ್ಲಿ ಅದಕ್ಕಿಂತಲೂ ಕೆಟ್ಟದ್ದು.

ಸದ್ಯಕ್ಕೆ ಫಲ ಕಂಡಿರುವುದು ಅತ್ಯಂತ ನೀರಸವಾದ ಕೆಲಸವೊಂದೇ: ಜನ ಹೋಗಿ ನಿಲ್ಲುವುದು. ನಮ್ಮ ಕೇರಿಯ ಏಳು ಮನೆಗಳು ಪಿಸ್ತೂಲು ಒಡೆದ ಮುಂದಿನ ವಾರದಿಂದ ಸರದಿ ಹಾಕಿಕೊಂಡವು. ಬೆಳಿಗ್ಗೆ ಆರರಿಂದ ಹತ್ತು, ಸಂಜೆ ನಾಲ್ಕರಿಂದ ಕತ್ತಲೆಯವರೆಗೆ. ದಿನಕ್ಕೊಂದು ಮನೆಯವರು ಏಳೂ ತೋಟಗಳ ಮೇಲಂಚಿನಲ್ಲಿ ನಾಯಿಯೊಡನೆ ನಡೆಯುವುದು. ಹಿಂಡು ಒಳಗಿಳಿಯುವ ಮೊದಲೇ ಬೆಟ್ಟದಂಚಿನಲ್ಲಿ ತಡೆದರೆ ತಿರುಗುತ್ತದೆ. ಒಳಗಿಳಿದ ಮೇಲೆ ಓಡಿಸಿದರೆ ಪಕ್ಕದ ತೋಟಕ್ಕೆ ಹಾರುತ್ತದೆ. ಇಷ್ಟು ಸರಳ ಸಂಗತಿ ನಮ್ಮ ಅಜ್ಜಂದಿರಿಗೆ ಗೊತ್ತಿತ್ತು. ಮಳೆಗಾಲದವರೆಗೆ ಸರದಿ ನಡೆಯಿತು. ಎರಡು ಮನೆಗಳವರು ನಡುವೆ ಕೈಕೊಟ್ಟರು, ಒಂದು ಜಗಳವೂ ಆಯಿತು. ಆದರೂ ಹಿಂದಿನ ವರ್ಷಕ್ಕಿಂತ ಬಾಳೆಗೊನೆ ಹೆಚ್ಚು ಉಳಿಯಿತೆಂದು ಎಲ್ಲರೂ ಒಪ್ಪುತ್ತಾರೆ. ಎಷ್ಟು ಹೆಚ್ಚು ಎಂದು ಕೇಳಿದರೆ ಯಾರ ಬಳಿಯೂ ಲೆಕ್ಕವಿಲ್ಲ. ಸರ್ಕಾರದ ಮುಂದೆ ನಾವು ಸೋಲುವುದೂ ಇಲ್ಲಿಯೇ. ಆನೆ ತುಳಿದ ಗದ್ದೆಗೆ ಪಂಚನಾಮೆ ಆಗುತ್ತದೆ. ಮಂಗ ಚೀಪಿ ಉದುರಿಸಿದ ಎಳೆಯಡಿಕೆಯನ್ನು ಯಾರು ಎಣಿಸುತ್ತಾರೆ? ನಾವೇ ಎಣಿಸಬೇಕು.

ಹುಬ್ಬಿನ ಹೊಲಿಗೆ ಬಿಚ್ಚಿಸಿಕೊಂಡು ಬಂದ ದಿನ ಯಜಮಾನರು ನನಗೆ ಹೇಳಿದ್ದು ಹೀಗೆ: “ಡಾಕ್ಟ್ರೇ, ನಿಮ್ಮ ಸಂಘದವರು ಕಾಡು ಉಳಿಸಿ ಅಂತ ಬೋರ್ಡು ಹಾಕಿದ ವರ್ಷವೇ ನಾನು ಬಾಳೆ ಹಾಕೋದು ಬಿಟ್ಟೆ. ಒಂದು ಸಲವಾದರೂ ಯಾಕೆ ಅಂತ ಕೇಳಿದ್ರಾ?” ಕೇಳಿರಲಿಲ್ಲ. ಅವರ ತೋಟಕ್ಕೂ ನನ್ನ ತೋಟಕ್ಕೂ ನಡುವೆ ಒಂದು ಅಗಳ ಮಾತ್ರ ಇದೆ.

ಮುಂದಿನ ತಿಂಗಳ ಎರಡನೆಯ ಭಾನುವಾರದ ಸಭೆಯಲ್ಲಿ ಈ ಒಂದೇ ವಿಷಯ. ಪ್ರತಿ ಕೇರಿಯಿಂದ ಇಬ್ಬರಾದರೂ ಬರಬೇಕು. ತೋಟದ ಒಂದು ಸಾಲನ್ನು ಗುರುತು ಮಾಡಿ ವಾರಕ್ಕೊಮ್ಮೆ ಉದುರಿದ ಕಾಯಿ ಎಣಿಸಿ ಬರೆಯುವ ವಿಧಾನವನ್ನು ನಾನು ವಿವರಿಸುತ್ತೇನೆ. ಅದಕ್ಕೆ ಒಂದು ನೋಟುಪುಸ್ತಕ, ಒಂದು ಪೆನ್ಸಿಲು ಸಾಕು. ಗಾಳಿಕೋವಿ, ಪೈಪುಕೋವಿ ಇದ್ದವರು ನಳಿಗೆ ಬಿಚ್ಚಿ, ಗಾಳಿ ಖಾಲಿ ಮಾಡಿ, ಚೀಲದಲ್ಲಿ ಹಾಕಿ ತಂದರೆ ಯಾರೂ ಹೆಸರು ಬರೆದುಕೊಳ್ಳುವುದಿಲ್ಲ. ಬಿಚ್ಚಲು ಅಂಜಿಕೆಯಾದರೆ ಆ ಹುಡುಗ ಮನೆಗೆ ಬಂದು ಬಿಚ್ಚಿಕೊಡುತ್ತಾನೆ. ತನ್ನ ಮೊದಲನೆಯದನ್ನು ಅವನು ಈಗಾಗಲೇ ನನ್ನ ಕೊಟ್ಟಿಗೆಯಲ್ಲಿ ತಂದಿಟ್ಟಿದ್ದಾನೆ. ಎರಡನೆಯದರ ಚೂರುಗಳನ್ನು ಅವನ ತಾಯಿ ಗುಡಿಸಿ ಗೊಬ್ಬರಗುಂಡಿಗೆ ಹಾಕದೆ, ಒಂದು ಹಾರ್ಲಿಕ್ಸ್ ಡಬ್ಬಿಯಲ್ಲಿ ತುಂಬಿ ದೇವರ ಗೂಡಿನ ಪಕ್ಕದ ಶೆಲ್ಫಿನಲ್ಲಿ ಇಟ್ಟಿದ್ದಾರೆ.